ಮಗಳು ದೊಡ್ಡವಳಾದಾಗ



ಸಂತ ಮಾರ್ಕನ ಶುಭಸಂದೇಶದ ಐದನೆಯ ಅಧ್ಯಾಯದಲ್ಲಿ ಇಬ್ಬರು ಹೆಣ್ಣುಮಕ್ಕಳ ಪ್ರಸಂಗಗಳು ಒಂದರೊಳಗೊಂದು ಹೆಣೆದುಕೊಂಡಿವೆ. ಒಬ್ಬಳು ಹನ್ನೆರಡು ವರ್ಷಗಳಿಂದ ರಕ್ತಸ್ರಾವದಿಂದ ಬಳಲಿ, ವೈದ್ಯರಿಗೆ ಕೊಟ್ಟೂ ಕೊಟ್ಟೂ ಬರಿಗೈಯಾದವಳು. ಇನ್ನೊಬ್ಬಳು ಯಾಯೀರನೆಂಬ ಪ್ರಾರ್ಥನಾಮಂದಿರದ ಅಧಿಕಾರಿಯ ಮಗಳು. ಅವಳ ವಯಸ್ಸು ಹನ್ನೆರಡು. ಈ ವಾಚನದ ಮೇಲೆ ನಾನು ಎಷ್ಟೋ ಸಲ ಪ್ರಬೋಧನೆ ಮಾಡಿದ್ದೇನೆ. ವಿಶ್ವಾಸದ ಬಗ್ಗೆ ಹೇಳಿದ್ದೇನೆ, ಅದ್ಭುತದ ಬಗ್ಗೆ ಹೇಳಿದ್ದೇನೆ. ರಕ್ತದ ಬಗ್ಗೆ ಒಂದು ದಿನವೂ ಮಾತಾಡಿದ್ದಿಲ್ಲ. ಮಗಳಿಗೆ ಹನ್ನೆರಡು ತುಂಬಿತೆಂದರೆ ಒಬ್ಬ ತಾಯಿಯ ಎದೆಯಲ್ಲಿ ಏನೇನು ನಡೆಯುತ್ತದೆಂದು ಯೋಚಿಸಿದ್ದೂ ಇಲ್ಲ. ಅದನ್ನು ನನಗೆ ಕಲಿಸಿದವಳು ಚಚಡಿ ಕಡೆಯ ಒಬ್ಬ ತಾಯಿ.

ಒಬ್ಬ ತಾಯಿಯ ಪ್ರಶ್ನೆ

ಮನೆ ಭೇಟಿಗೆಂದು ಹೋಗಿದ್ದೆ. ಗುರುತು ಸಿಗಬಾರದೆಂದು ಕೆಲವು ವಿವರಗಳನ್ನು ಬದಲಿಸಿ ಬರೆಯುತ್ತಿದ್ದೇನೆ. ಆ ಮನೆಯ ಹಿರಿಯ ಮಗಳಿಗೆ ಹುಟ್ಟಿದಾಗಿನಿಂದ ತೀವ್ರ ಅಂಗವೈಕಲ್ಯ. ಮಾತಿಲ್ಲ, ಆಸರೆಯಿಲ್ಲದೆ ನಡಿಗೆಯಿಲ್ಲ, ಆಗಾಗ ಫಿಟ್ಸ್ ಬರುತ್ತದೆ. ತುತ್ತು ಮಾಡಿ ಉಣಿಸಬೇಕು, ಸ್ನಾನ ಮಾಡಿಸಬೇಕು. ಹದಿಮೂರು ವರ್ಷ ತಂದೆತಾಯಿ ಅದನ್ನೆಲ್ಲ ಗೊಣಗದೆ ಮಾಡಿದ್ದರು. ಈಗ ಹುಡುಗಿ ಮೈನೆರೆದಿದ್ದಳು. ಓರಗೆಯ ಹುಡುಗಿಯರಿಗೆ ಆರತಿ ಮಾಡಿ, ಸೀರೆ ಉಡಿಸಿ, ನಾಲ್ಕು ಮಂದಿಗೆ ಊಟ ಹಾಕಿದ್ದರು. ಈ ಮನೆಯಲ್ಲಿ ಸುದ್ದಿ ಹೊರಗೆ ಹೋಗದಂತೆ ಬಾಗಿಲು ಮುಂದೆ ಮಾಡಿದ್ದರು.

ತಾಯಿ ನೇರವಾಗಿಯೇ ಕೇಳಿದಳು: "ಫಾದರ್, ಗರ್ಭಚೀಲಾ ತಗಸಿಬಿಡ್ರಿ ಅಂತ ಎಲ್ಲಾರೂ ಹೇಳಾಕತ್ತಾರ್ರಿ. ನೀವ ಹೇಳ್ರಿ, ತಗಸೋಣೋ ಬ್ಯಾಡೋ?"

ನಾನು ಗುರುಮಠದಲ್ಲಿ ಓದಿದ ನೀತಿಶಾಸ್ತ್ರದ ಪಾಠವನ್ನು ಒಪ್ಪಿಸಿದೆ. ಆರೋಗ್ಯವಂತ ಅಂಗವನ್ನು ತೆಗೆಯುವಂತಿಲ್ಲ, ಅದು ಪಾಪ ಎಂದೆ. ಆಕೆ ಸಿಟ್ಟಾಗಲಿಲ್ಲ. ಮಗಳ ತಲೆ ಸವರುತ್ತ ಇಷ್ಟೇ ಹೇಳಿದಳು: "ಪಾಪ ಅಂತ ಹೇಳಿ ನೀವ ಹೋಗ್ತೀರಿ. ನಡುರಾತ್ರಿ ಎದ್ದು ಅಕಿ ಬಟ್ಟಿ ಬದಲ ಮಾಡಾಕ ಯಾರ ಬರ್ತಾರ್ರಿ?"

ನನ್ನ ಬಳಿ ಉತ್ತರವಿರಲಿಲ್ಲ. ನಾನು ಹೇಳಿದ ಮಾತು ತಪ್ಪಾಗಿರಲಿಲ್ಲ, ಆದರೆ ಅದು ಅರ್ಧ ಮಾತಾಗಿತ್ತು. ಉಳಿದರ್ಧವನ್ನು ಹುಡುಕುತ್ತ ವೈದ್ಯರನ್ನು ಕೇಳಿದೆ, ಕಾನೂನು ಓದಿದೆ, ಧರ್ಮಸಭೆಯ ಬೋಧನೆಯನ್ನು ಮತ್ತೊಮ್ಮೆ ತೆರೆದು ನೋಡಿದೆ. ಇಂಥದೇ ಪ್ರಶ್ನೆ ಹೊತ್ತ ಮನೆಗಳು ಬೈಲಹೊಂಗಲದಲ್ಲೂ ಇವೆ, ಸವದತ್ತಿಯಲ್ಲೂ ಇವೆ, ನಿಮ್ಮ ಓಣಿಯಲ್ಲೂ ಇದ್ದಾವು. ಅದಕ್ಕೇ ಈ ಬರಹ.

ಮೂರು ಭಯಗಳು

ಆ ದಿನ ತಾಯಿಯ ಮಾತನ್ನು ಪೂರ್ತಿ ಕೇಳಿದಾಗ ಅದರಲ್ಲಿ ಮೂರು ಬೇರೆ ಬೇರೆ ಭಯಗಳಿದ್ದವು. ಮೊದಲನೆಯದು ರಕ್ತ: ತಿಂಗಳು ತಿಂಗಳು ಇದನ್ನು ಸಂಭಾಳಿಸುವುದು ಹೇಗೆ? ಎರಡನೆಯದು ಕೆಟ್ಟ ಕೈ: "ಕಡ್ಲಿ ಕೀಳಾಕ ಹೋದ್ರ ಬಾಗಲಾ ಹಾಕ್ಕೊಂಡು ಹೋಗ್ತೀನ್ರಿ. ಮೈ ಹೊಲದಾಗ, ಜೀವ ಬಾಗಲದಾಗ." ಮೂರನೆಯದು ನಾಳೆ: ನಾವು ಸತ್ತ ಮೇಲೆ ಇವಳನ್ನು ಯಾರು ನೋಡುತ್ತಾರೆ?

ಶಸ್ತ್ರಕ್ರಿಯೆ ಈ ಮೂರಕ್ಕೂ ಒಂದೇ ಏಟಿನಲ್ಲಿ ಉತ್ತರವೆಂಬಂತೆ ಕಾಣುತ್ತದೆ. ನಿಜವಾಗಿ ಅದು ಮುಟ್ಟುವುದು ಮೊದಲನೆಯದನ್ನು ಮಾತ್ರ. ಅದಕ್ಕೂ ಬೇರೆ ದಾರಿಗಳಿವೆ. ಉಳಿದ ಎರಡು ಭಯಗಳು ಶಸ್ತ್ರಕ್ರಿಯೆಯ ಮರುದಿನವೂ ಅದೇ ಮನೆಯಲ್ಲಿ ಕುಳಿತಿರುತ್ತವೆ. ಈ ಲೇಖನದ ಸಾರವೂ ಇಷ್ಟೇ.

ಶಿರೂರಿನಲ್ಲಿ ನಡೆದದ್ದು

ನಮ್ಮ ಬೆಳಗಾವಿಯಲ್ಲಿ ರಾತ್ರಿ ಬಸ್ಸು ಹತ್ತಿದರೆ ಬೆಳಗಾಗುವುದರೊಳಗೆ ಪುಣೆ. ಆ ಪುಣೆ ಜಿಲ್ಲೆಯ ಶಿರೂರಿನಲ್ಲಿ ಬುದ್ಧಿಮಾಂದ್ಯ ಹೆಣ್ಣುಮಕ್ಕಳಿಗಾಗಿ ಒಂದು ಸರಕಾರಿ ವಸತಿಗೃಹವಿತ್ತು. 1994ರ ಫೆಬ್ರವರಿಯಲ್ಲಿ ಅಲ್ಲಿಂದ ಹೆಣ್ಣುಮಕ್ಕಳನ್ನು ಪುಣೆಯ ಸಸೂನ್ ಆಸ್ಪತ್ರೆಗೆ ಕರೆತಂದು, ಹತ್ತಕ್ಕೂ ಹೆಚ್ಚು ಜನರ ಗರ್ಭಕೋಶ ತೆಗೆಯಲಾಯಿತು. ಅವರಲ್ಲಿ ಹದಿವಯಸ್ಸಿನವರೂ ಇದ್ದರು. ಕೊಟ್ಟ ಕಾರಣ ಎರಡು: ಮುಟ್ಟಿನ ಶುಚಿತ್ವವನ್ನು ಅವರು ತಾವಾಗಿ ನೋಡಿಕೊಳ್ಳಲಾರರು, ಯಾರಾದರೂ ಕೆಡಿಸಿದರೆ ಬಸುರಾಗುವ ಅಪಾಯವಿದೆ. ಮಹಿಳಾ ಸಂಘಟನೆಗಳು ಬೀದಿಗಿಳಿದವು, ಪತ್ರಿಕೆಗಳು ಬರೆದವು, ಉಳಿದ ಶಸ್ತ್ರಕ್ರಿಯೆಗಳನ್ನು ಸರಕಾರ ನಿಲ್ಲಿಸಬೇಕಾಯಿತು.

ಆಗ ಎದ್ದ ಪ್ರಶ್ನೆ ಇಂದಿಗೂ ಹಳೆಯದಾಗಿಲ್ಲ. ಆ ಮಕ್ಕಳ ಗರ್ಭಕೋಶಕ್ಕೆ ರೋಗವಿತ್ತೇ? ಅಥವಾ ಅವರನ್ನು ನೋಡಿಕೊಳ್ಳುವವರ ಕೊರತೆಗೆ, ಕಾವಲಿನ ಕೊರತೆಗೆ ಅವರ ದೇಹವನ್ನು ಕೊಯ್ಯಲಾಯಿತೇ?

ಇನ್ನೊಂದು ಪ್ರಕರಣ ಅಮೆರಿಕದ ಸಿಯಾಟಲ್ ನಗರದ್ದು. 'ಆಶ್ಲಿ' ಎಂಬ ಹೆಸರಿನಿಂದ ಜಗತ್ತು ತಿಳಿದುಕೊಂಡ ಆ ಹುಡುಗಿ ಹುಟ್ಟಿದ್ದು 1997ರಲ್ಲಿ. ನಡೆಯಲಾರದ, ಮಾತಾಡಲಾರದ ಮಗು. 2004ರಲ್ಲಿ ಅವಳ ಗರ್ಭಕೋಶವನ್ನೂ ಮೂಡುತ್ತಿದ್ದ ಸ್ತನದ ಮೊಗ್ಗುಗಳನ್ನೂ ತೆಗೆದು, ಹೆಚ್ಚಿನ ಪ್ರಮಾಣದ ಹಾರ್ಮೋನು ಕೊಟ್ಟು ಅವಳ ಬೆಳವಣಿಗೆಯನ್ನೇ ತಡೆಯಲಾಯಿತು. ಮಗಳು ಚಿಕ್ಕವಳಾಗಿಯೇ ಉಳಿದರೆ ಎತ್ತಿಕೊಂಡು ತಿರುಗಲು, ಮನೆಯಲ್ಲೇ ಇಟ್ಟುಕೊಂಡು ಸಾಕಲು ಆಗುತ್ತದೆ ಎಂಬುದು ತಂದೆತಾಯಿಯ ವಾದ. ಅವರು ಕ್ರೂರಿಗಳಾಗಿರಲಿಲ್ಲ, ಮಗಳನ್ನು ಪ್ರೀತಿಸಿದವರೇ. ಆದರೂ ನ್ಯಾಯಾಲಯದ ಅನುಮತಿಯಿಲ್ಲದೆ ಗರ್ಭಕೋಶ ತೆಗೆದದ್ದು ತಪ್ಪೆಂದು ಆ ಆಸ್ಪತ್ರೆ 2007ರಲ್ಲಿ ಒಪ್ಪಿಕೊಂಡಿತು. ಪ್ರೀತಿಯೂ ದಾರಿ ತಪ್ಪಬಹುದು, ಅದರಲ್ಲೂ ಬಹಳ ದಣಿದ ಪ್ರೀತಿ. ಹೀಗಾಗಿಯೇ ಇಂಥ ನಿರ್ಧಾರವನ್ನು ದಣಿದವರು ಒಬ್ಬರೇ ಕೂತು ಮಾಡಬಾರದು.

ಮೊದಲ ಭಯ: ರಕ್ತ

ವೈದ್ಯರ ಬಳಿಗೆ ಹೋದಾಗ "ಚೀಲ ತೆಗೀರಿ" ಎಂದು ಕೇಳಬೇಡಿ. "ಇವಳಿಗೆ ಏನು ತೊಂದರೆ ಇದೆ ನೋಡಿ" ಎಂದು ಕೇಳಿ. ಈ ಎರಡು ಮಾತುಗಳ ನಡುವೆ ಬಹಳ ಅಂತರವಿದೆ.

ಮೈನೆರೆದ ಮೊದಲ ಎರಡು ಮೂರು ವರ್ಷ ಎಷ್ಟೋ ಹುಡುಗಿಯರಿಗೆ ಮುಟ್ಟು ಸರಿಯಾದ ಲೆಕ್ಕದಲ್ಲಿ ಬರುವುದಿಲ್ಲ. ಕೆಲವೊಮ್ಮೆ ಎರಡು ತಿಂಗಳು ಇಲ್ಲ, ಕೆಲವೊಮ್ಮೆ ಹತ್ತು ದಿನ ನಿಲ್ಲುವುದಿಲ್ಲ. ಬಹಳ ಹುಡುಗಿಯರಿಗೆ ಕಾಲ ಕಳೆದಂತೆ ಅದು ತಾನಾಗಿ ಹದಕ್ಕೆ ಬರುತ್ತದೆ. ಆರಂಭದ ಆ ಗಾಬರಿಯಲ್ಲಿ ಜೀವಮಾನದ ನಿರ್ಧಾರ ಮಾಡಬಾರದು.

ಸ್ರಾವ ಹೆಚ್ಚಿದ್ದರೆ ಕಾರಣ ಹುಡುಕಬೇಕು. ಥೈರಾಯ್ಡ್ ದೋಷವಿರಬಹುದು, ಡೌನ್ ಸಿಂಡ್ರೋಮ್ ಇರುವ ಮಕ್ಕಳಲ್ಲಿ ಇದು ಹೆಚ್ಚು. ರಕ್ತ ಹೆಪ್ಪುಗಟ್ಟುವುದರಲ್ಲಿ ದೋಷವಿರಬಹುದು. ಫಿಟ್ಸ್‌ಗೆ ಕೊಡುವ ಕೆಲವು ಗುಳಿಗೆಗಳಿಂದಲೂ ಮುಟ್ಟು ಏರುಪೇರಾಗುತ್ತದೆ. ಕೆಲವು ಹುಡುಗಿಯರಿಗೆ ಮುಟ್ಟಿನ ಆಸುಪಾಸಿನಲ್ಲೇ ಫಿಟ್ಸ್ ಹೆಚ್ಚುವುದುಂಟು. ಇದನ್ನೆಲ್ಲ ತಿಳಿಯಲು ಒಂದು ಕ್ಯಾಲೆಂಡರ್ ನೆರವಾಗುತ್ತದೆ. ಮುಟ್ಟಾದ ದಿನ, ಬದಲಿಸಿದ ಬಟ್ಟೆಗಳ ಸಂಖ್ಯೆ, ಫಿಟ್ಸ್ ಬಂದ ದಿನ, ಊಟ ಬಿಟ್ಟು ಅತ್ತ ದಿನ ಎಲ್ಲವನ್ನೂ ಗುರುತು ಹಾಕಿ. ಮಾತು ಬಾರದ ಮಗಳು ಹೊಟ್ಟೆನೋವನ್ನು ಬಾಯಿಂದ ಹೇಳಲಾರಳು. ತಲೆ ಚಚ್ಚಿಕೊಳ್ಳುತ್ತಾಳೆ, ಕಚ್ಚುತ್ತಾಳೆ, ಮೊಣಕಾಲು ಹೊಟ್ಟೆಗೆ ಎಳೆದುಕೊಳ್ಳುತ್ತಾಳೆ. ಹಠವೆಂದು ಗದರುವ ಮುಂಚೆ ಕ್ಯಾಲೆಂಡರ್ ನೋಡಿ.

ಔಷಧಗಳೂ ಇವೆ. ನೋವಿಗೂ ಸ್ರಾವಕ್ಕೂ ಗುಳಿಗೆಗಳಿವೆ. ರಕ್ತಹೀನತೆಗೆ ಕಬ್ಬಿಣಾಂಶದ ಮಾತ್ರೆಗಳಿವೆ. ಅವು ಸಾಲದಿದ್ದರೆ ಹಾರ್ಮೋನಿನ ಗುಳಿಗೆ, ಮೂರು ತಿಂಗಳಿಗೊಮ್ಮೆ ಕೊಡುವ ಇಂಜೆಕ್ಷನ್, ಗರ್ಭಕೋಶದೊಳಗೆ ಇಡುವ ಹಾರ್ಮೋನಿನ ಸಾಧನ ಹೀಗೆ ಒಂದೊಂದೇ ಮೆಟ್ಟಿಲಿದೆ. ಇವುಗಳಿಗೂ ಅವುಗಳದೇ ತೊಡಕುಗಳಿವೆ. ಇಂಜೆಕ್ಷನ್ ಬಹುಕಾಲ ಕೊಟ್ಟರೆ ಎಲುಬಿನ ಗಟ್ಟಿತನ ಕುಗ್ಗಬಹುದು. ಈಸ್ಟ್ರೋಜನ್ ಇರುವ ಗುಳಿಗೆಯಿಂದ, ಕೂತಲ್ಲೇ ಇರುವ ಹುಡುಗಿಗೆ ರಕ್ತ ಹೆಪ್ಪುಗಟ್ಟುವ ಅಪಾಯ ಹೆಚ್ಚಬಹುದು. ಫಿಟ್ಸ್‌ನ ಕೆಲವು ಔಷಧಗಳು ಹಾರ್ಮೋನು ಗುಳಿಗೆಯ ಬಲವನ್ನು ತಗ್ಗಿಸುತ್ತವೆ. ಆದ್ದರಿಂದ ಮಗಳು ತೆಗೆದುಕೊಳ್ಳುವ ಎಲ್ಲ ಔಷಧಗಳ ಚೀಟಿಯನ್ನೂ ವೈದ್ಯರಿಗೆ ತೋರಿಸಿ. ಶಸ್ತ್ರಕ್ರಿಯೆಗೂ ಅಪಾಯವಿಲ್ಲವೆಂದಿಲ್ಲ. ಅರಿವಳಿಕೆಯ ಅಪಾಯವಿದೆ, ಸೋಂಕಿನ ಅಪಾಯವಿದೆ. ಅಂಡಾಶಯವನ್ನೂ ತೆಗೆದರೆ ಎಳೆ ವಯಸ್ಸಿನಲ್ಲೇ ಎಲುಬು ಸವೆಯತೊಡಗುತ್ತದೆ. ಕೂತಲ್ಲೇ ಇರುವ ಮಕ್ಕಳ ಎಲುಬು ಮೊದಲೇ ಸೂಕ್ಷ್ಮ.

ಇನ್ನು ಕಲಿಸುವ ಮಾತು. ಎಷ್ಟೋ ಹುಡುಗಿಯರು ನಿಧಾನವಾಗಿಯಾದರೂ ಕಲಿಯುತ್ತಾರೆ. ಎದೆ ಮೂಡಲು ಶುರುವಾದ ಮೇಲೆ ಸಾಮಾನ್ಯವಾಗಿ ಎರಡು ವರ್ಷದ ಅವಧಿ ಸಿಗುತ್ತದೆ. ಆಗಲೇ ದಿನಕ್ಕೆ ಸ್ವಲ್ಪ ಹೊತ್ತು ಪ್ಯಾಡ್ ಕಟ್ಟಿ ರೂಢಿ ಮಾಡಿಸಿ. ಬಟ್ಟೆಗೆ ಕೆಂಪು ಬಣ್ಣ ಹಚ್ಚಿ ತೋರಿಸಿ. ತೆಗೆಯುವುದು, ಸುತ್ತುವುದು, ಹಾಕುವುದು, ಕೈ ತೊಳೆಯುವುದು, ಒಂದು ಸಲಕ್ಕೆ ಒಂದೇ ಹೆಜ್ಜೆ. ಏನೂ ಕಲಿಯಲಾರದಷ್ಟು ತೀವ್ರ ತೊಂದರೆಯಿದ್ದರೆ, ಮೂತ್ರಕ್ಕೆ ಕರೆದೊಯ್ಯುವ ವೇಳೆಗೇ ಬಟ್ಟೆ ಬದಲಿಸುವ ಕ್ರಮ ಇಟ್ಟುಕೊಳ್ಳಿ. ಮಲಮೂತ್ರವನ್ನು ಹದಿಮೂರು ವರ್ಷ ಎತ್ತಿದ ಕೈಗೆ ಈ ರಕ್ತ ಹೆಚ್ಚಿನದಲ್ಲ. ಅದನ್ನು ಹೆಚ್ಚಿನದಾಗಿ ಮಾಡಿರುವುದು ನಮ್ಮ ನಾಚಿಕೆ, ಮೈಲಿಗೆಯ ಮಾತು.

ಧರ್ಮಸಭೆ ಹೇಳುವುದೇನು

1930ರ ಡಿಸೆಂಬರ್ 31ರಂದು ಹನ್ನೊಂದನೇ ಭಕ್ತಿನಾಥ ಜಗದ್ಗುರುಗಳು ವಿವಾಹ ಕುರಿತ 'ಕಾಸ್ತಿ ಕೊನ್ನೂಬಿ' ಎಂಬ ವಿಶ್ವಪರಿಪತ್ರವನ್ನು ಹೊರಡಿಸಿದರು. ನಿರಪರಾಧಿಗಳ ಸಂತಾನಶಕ್ತಿಯನ್ನು ಬಲವಂತವಾಗಿ ಕಿತ್ತುಕೊಳ್ಳುವ ಅಧಿಕಾರ ಯಾವ ಸರಕಾರಕ್ಕೂ ಇಲ್ಲವೆಂದು ಅದರಲ್ಲಿ ಸ್ಪಷ್ಟವಾಗಿ ಬೋಧಿಸಿದರು. 1933ರಲ್ಲಿ ಜರ್ಮನಿಯ ನಾಜಿ ಸರಕಾರ ಅಂಥದೇ ಕಾನೂನು ತಂದಿತು. ಸುಮಾರು 4 ಲಕ್ಷ ಜನರ ಸಂತಾನಶಕ್ತಿಯನ್ನು ಕಿತ್ತುಕೊಳ್ಳಲಾಯಿತು. ಬಳಿಕ ಅಂಗವಿಕಲರನ್ನು ಕೊಲ್ಲುವ ಕೆಲಸವೇ ಆರಂಭವಾಯಿತು. 1941ರ ಆಗಸ್ಟ್ 3ರಂದು ಮ್ಯೂನ್‌ಸ್ಟರ್ ನಗರದ ಧರ್ಮಾಧ್ಯಕ್ಷ ಕ್ಲೆಮೆನ್ಸ್ ಫಾನ್ ಗಾಲೆನ್ ಅವರು ಪ್ರಬೋಧನೆಯಲ್ಲಿ ಅದನ್ನು ಬಹಿರಂಗವಾಗಿ ಖಂಡಿಸಿದರು. 'ಇವರ ದೇಹ ನಮ್ಮ ಅನುಕೂಲಕ್ಕೆ' ಎಂಬ ಒಂದು ಮಾತನ್ನು ಒಪ್ಪಿಕೊಂಡರೆ ಅದು ಎಲ್ಲಿಗೆ ಹೋಗಿ ನಿಲ್ಲುತ್ತದೆಂದು ಧರ್ಮಸಭೆ ಕಣ್ಣಾರೆ ಕಂಡಿದೆ.

ಹಾಗೆಂದು ಧರ್ಮಸಭೆ ವೈದ್ಯರ ಕೈ ಕಟ್ಟಿಲ್ಲ. ಧರ್ಮೋಪದೇಶ ಗ್ರಂಥದ 2297ನೇ ಪರಿಚ್ಛೇದ ಬಲವಂತದ ಅಂಗಛೇದನ, ಸಂತಾನಹರಣಗಳನ್ನು ನಿಷೇಧಿಸುವಾಗಲೇ ನಿಜವಾದ ಚಿಕಿತ್ಸೆಯ ಕಾರಣವನ್ನು ಪ್ರತ್ಯೇಕವಾಗಿ ಬಿಟ್ಟಿದೆ. ಆರನೇ ಪೌಲ್ ಜಗದ್ಗುರುಗಳು 1968ರ 'ಹುಮಾನೇ ವೀತೇ' ಪರಿಪತ್ರದ 15ನೇ ಪರಿಚ್ಛೇದದಲ್ಲಿ ಅದನ್ನೇ ಬೋಧಿಸಿದ್ದಾರೆ. ರೋಗ ವಾಸಿಮಾಡಲು ಕೊಡುವ ಚಿಕಿತ್ಸೆಯಿಂದ ನಾವು ಬಯಸದೆಯೇ ಸಂತಾನಶಕ್ತಿಗೆ ತಡೆಯಾದರೆ ಅದು ತಪ್ಪಲ್ಲ.

ಇದನ್ನು ಮನೆಯ ಮಾತಿನಲ್ಲಿ ಹೇಳುತ್ತೇನೆ. ಹೆಚ್ಚಿನ ಸ್ರಾವ, ಸಹಿಸಲಾಗದ ನೋವು, ಮುಟ್ಟಿನೊಂದಿಗೆ ಬರುವ ಫಿಟ್ಸ್ ಇವುಗಳಿಗೆ ಹಾರ್ಮೋನು ಔಷಧ ಕೊಡುವುದು ಚಿಕಿತ್ಸೆ. ಅದರ ಬಗ್ಗೆ ಮನಸ್ಸಾಕ್ಷಿಯಲ್ಲಿ ಅಳುಕಬೇಡಿ. ಗರ್ಭಕೋಶಕ್ಕೆ ಕ್ಯಾನ್ಸರಿನಂಥ ರೋಗ ಬಂದರೆ, ಬೇರೆ ಯಾವ ಔಷಧಕ್ಕೂ ಬಗ್ಗದ ಸ್ರಾವ ಜೀವಕ್ಕೆ ಮುಳುವಾದರೆ, ಶಸ್ತ್ರಕ್ರಿಯೆಯೂ ಚಿಕಿತ್ಸೆಯೇ. ಆಗ ಇತರ ಹೆಣ್ಣುಮಕ್ಕಳಿಗೆ ಸಿಗುವುದು ನಿಮ್ಮ ಮಗಳಿಗೂ ಸಿಗಬೇಕು. ಆದರೆ ರೋಗವಿಲ್ಲದ ಅಂಗವನ್ನು ನೋಡಿಕೊಳ್ಳುವವರ ಕಷ್ಟಕ್ಕಾಗಿ ತೆಗೆಯುವುದು ಚಿಕಿತ್ಸೆಯಲ್ಲ. ಕಷ್ಟ ನಿಜ. ಆ ಕಷ್ಟಕ್ಕೆ ಮದ್ದು ಮಗಳ ಹೊಟ್ಟೆಯಲ್ಲಿಲ್ಲ, ನೆರವಿಗೆ ಬರುವ ಕೈಗಳಲ್ಲಿದೆ.

ನಮ್ಮ ನೆಲದ ಕಾನೂನೂ ಈ ವಿಷಯದಲ್ಲಿ ಗಟ್ಟಿಯಾಗಿದೆ. ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಅಧಿನಿಯಮ, 2016ರ 10ನೇ ಕಲಮಿನ ಪ್ರಕಾರ, ಸಂತಾನಶಕ್ತಿ ಕಳೆಯುವಂಥ ಚಿಕಿತ್ಸಾ ಕ್ರಮವನ್ನು ಅಂಗವಿಕಲ ವ್ಯಕ್ತಿ ತಾನೇ ತಿಳಿದು, ಸ್ವಇಚ್ಛೆಯಿಂದ ಒಪ್ಪದೆ ಅವರ ಮೇಲೆ ನಡೆಸುವಂತಿಲ್ಲ. ಅನವಶ್ಯಕವಾಗಿ ಗರ್ಭಕೋಶ ತೆಗೆಯುವ ಪಿಡುಗು ಅಂಗವಿಕಲರಿಗಷ್ಟೇ ತಟ್ಟಿದ್ದೂ ಅಲ್ಲ. 2015ರಲ್ಲಿ ಕಲಬುರಗಿ ಜಿಲ್ಲೆಯ ಬಡ ಹೆಣ್ಣುಮಕ್ಕಳು, ಅವರಲ್ಲೂ ಲಂಬಾಣಿ ತಾಂಡಾಗಳವರು, ಇದರ ವಿರುದ್ಧ ಪ್ರತಿಭಟಿಸಿದರು. ಇಂಥ ಶಸ್ತ್ರಕ್ರಿಯೆಗಳನ್ನು ತಡೆಯುವ ಮಾರ್ಗಸೂಚಿಗಳನ್ನು ಎಲ್ಲ ರಾಜ್ಯಗಳೂ ಜಾರಿಗೆ ತರಬೇಕೆಂದು ಸುಪ್ರೀಂ ಕೋರ್ಟು 2023ರ ಏಪ್ರಿಲ್ 5ರಂದು ಆದೇಶಿಸಿತು.

ಎರಡನೆಯ ಭಯ: ಕೆಟ್ಟ ಕೈ

ಈ ಭಯವನ್ನು ಬಾಯಿಬಿಟ್ಟು ಹೇಳಲು ತಂದೆತಾಯಂದಿರು ಹಿಂಜರಿಯುತ್ತಾರೆ. ಗರ್ಭಕೋಶವಿಲ್ಲದ ಹುಡುಗಿ ಬಸುರಾಗುವುದಿಲ್ಲ, ನಿಜ. ಆದರೆ ಅವಳ ಮೇಲಿನ ಅತ್ಯಾಚಾರ ನಿಲ್ಲುವುದಿಲ್ಲ. ಬದಲಿಗೆ ಅದು ಯಾರ ಕಣ್ಣಿಗೂ ಬೀಳದೆ ನಡೆಯುತ್ತದೆ. ಮಾತು ಬಾರದ ಹುಡುಗಿಯ ಪರವಾಗಿ ಸಾಕ್ಷಿ ಹೇಳಲು ಬೇರೆ ಏನೂ ಉಳಿಯುವುದಿಲ್ಲ. ಇದು ಕೇಡಿಗನಿಗೆ ಅನುಕೂಲವೇ ಹೊರತು ಮಗಳಿಗೆ ರಕ್ಷಣೆಯಲ್ಲ.

2009ರಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಬಂದ ಚಂಡೀಗಢದ ಪ್ರಕರಣ ನೋಡಿ. ಬುದ್ಧಿಮಾಂದ್ಯವಿದ್ದ ಯುವತಿಯೊಬ್ಬಳು ಅತ್ಯಾಚಾರಕ್ಕೀಡಾಗಿ ಬಸುರಾದದ್ದು ಸರಕಾರದ ಆಶ್ರಯಧಾಮದಲ್ಲಿ, ಕಾಯಲೆಂದೇ ಇದ್ದ ಸ್ಥಳದಲ್ಲಿ. ಗರ್ಭ ತೆಗೆಸಬೇಕೆಂದು ಆಡಳಿತ ಕೇಳಿತು. ಮಗು ಬೇಕೆಂದಳು ಆಕೆ. ಆಕೆಯ ಒಪ್ಪಿಗೆಯಿಲ್ಲದೆ ಗರ್ಭ ತೆಗೆಯುವಂತಿಲ್ಲವೆಂದು ನ್ಯಾಯಾಲಯ ತೀರ್ಪಿತ್ತಿತು.

ರಕ್ಷಣೆಯೆಂದರೆ ಬೇರೆಯೇ. ಹುಡುಗಿಯನ್ನು ಒಬ್ಬಳನ್ನೇ ಬಿಟ್ಟು ಹೊಲಕ್ಕೆ ಹೋಗುವ ಸ್ಥಿತಿ ಬಾರದಂತೆ ಓಣಿಯವರು ಸರದಿ ಹಾಕಿಕೊಳ್ಳುವುದು ರಕ್ಷಣೆ. ಅವಳ ಸ್ನಾನ, ಬಟ್ಟೆಯ ಕೆಲಸವನ್ನು ನಂಬಿಗಸ್ತ ಹೆಂಗಸರೇ ಮಾಡುವುದು ರಕ್ಷಣೆ. ಅವಳ ನಡೆಯಲ್ಲಿ ಒಮ್ಮೆಲೇ ಬದಲಾವಣೆ ಕಂಡರೆ, ಯಾರನ್ನೋ ಕಂಡು ನಡುಗಿದರೆ, ಗಮನಿಸುವುದು ರಕ್ಷಣೆ. ಮಕ್ಕಳ ಸಹಾಯವಾಣಿ 1098ಕ್ಕೆ ಫೋನು ಮಾಡಿ. 2012ರ ಪೋಕ್ಸೊ ಕಾಯಿದೆಯಂತೆ ಅಂಗವಿಕಲ ಮಗುವಿನ ಮೇಲಿನ ಲೈಂಗಿಕ ದೌರ್ಜನ್ಯಕ್ಕೆ ಶಿಕ್ಷೆ ಇನ್ನೂ ಕಠಿಣ. ತಿಳಿದೂ ವರದಿ ಮಾಡದಿರುವುದು ಅಪರಾಧ. ಕೇಡಿಗ ನೆಂಟನಾದರೂ ಅಷ್ಟೇ, ಊರ ಹಿರಿಯನಾದರೂ ಅಷ್ಟೇ, ದೇವಾಲಯದ ಅಂಗಳದವನಾದರೂ ಅಷ್ಟೇ. ಮನೆತನದ ಮಾನ ಮುಚ್ಚಿಡುವುದರಲ್ಲಿಲ್ಲ.

ಮೂರನೆಯ ಭಯ: ನಾಳೆ

ಈ ಭಯಕ್ಕೆ ಯಾವ ವೈದ್ಯರಲ್ಲೂ ಔಷಧವಿಲ್ಲ. ಆದರೂ ಇಂದೇ ಮಾಡಬಹುದಾದ ಕೆಲಸಗಳಿವೆ. ಮಗಳಿಗೆ ಯುಡಿಐಡಿ ಗುರುತಿನ ಚೀಟಿ ಮಾಡಿಸಿ. ನಮ್ಮ ರಾಜ್ಯದ ಗ್ರಾಮ ಪಂಚಾಯತಿಗಳಲ್ಲಿ ಅಂಗವಿಕಲರಿಗಾಗಿಯೇ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿದ್ದಾರೆ, ಅವರನ್ನು ಕೇಳಿ. 1999ರ ರಾಷ್ಟ್ರೀಯ ನ್ಯಾಸ ಕಾಯಿದೆಯಡಿ 'ನಿರಾಮಯ' ಎಂಬ ಆರೋಗ್ಯ ವಿಮೆಯಿದೆ. ಬುದ್ಧಿಮಾಂದ್ಯ, ಆಟಿಸಂ, ಸೆರೆಬ್ರಲ್ ಪಾಲ್ಸಿ, ಬಹುವಿಧ ಅಂಗವೈಕಲ್ಯ ಇರುವವರಿಗೆ ಅದರಲ್ಲಿ 1 ಲಕ್ಷ ರೂಪಾಯಿವರೆಗೆ ನೆರವು ಸಿಗುತ್ತದೆ. ಮಗಳಿಗೆ 18 ತುಂಬಿದ ಮೇಲೆ ಕಾನೂನುಬದ್ಧ ಪಾಲಕರನ್ನು ನೇಮಿಸಲು ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಸಮಿತಿಯಿದೆ. ಫಿಟ್ಸ್, ನಡವಳಿಕೆಯ ತೊಂದರೆಗಳಿಗೆ ಧಾರವಾಡದ ಡಿಮ್ಹಾನ್ಸ್ ನಮಗೆ ದೂರವಿಲ್ಲ.

ಉಳಿದದ್ದು ನಮ್ಮ ಧರ್ಮಕೇಂದ್ರದ ಹೊಣೆ. ಗರ್ಭಚೀಲ ತೆಗೆಸಬೇಡ ಎಂದು ತಾಯಿಗೆ ಹೇಳುವ ಧರ್ಮಸಭೆ ನಡುರಾತ್ರಿಯ ಭಾರದಲ್ಲಿ ಪಾಲು ತೆಗೆದುಕೊಳ್ಳದಿದ್ದರೆ, ಅದು ಬೇರೆಯವರ ಹೆಗಲ ಮೇಲೆ ಹೊರೆ ಕಟ್ಟಿ ತಾನು ಬೆರಳನ್ನೂ ಮುಟ್ಟಿಸದವರ ಸಾಲಿಗೆ ಸೇರುತ್ತದೆ. ಆ ಸಾಲಿನವರ ಬಗ್ಗೆ ಪ್ರಭು ಯೇಸು ಏನೆಂದರೆಂಬುದು ನಮಗೆಲ್ಲ ತಿಳಿದದ್ದೇ.

ಚಚಡಿ ಕಡೆಯ ಆ ತಾಯಿ ಮಗಳನ್ನು ಸ್ತ್ರೀರೋಗ ತಜ್ಞೆಯೊಬ್ಬರಿಗೆ ತೋರಿಸಿದಳು. "ಗರ್ಭಚೀಲಕ್ಕ ಏನೂ ಆಗಿಲ್ಲವಾ, ಮೈಯಾಗ ರಕ್ತ ಇಲ್ಲ" ಎಂದರಂತೆ ಅವರು. ಔಷಧದಿಂದ ಸ್ರಾವ ತಗ್ಗಿದೆ. ಫಿಟ್ಸ್ ಪೂರ್ತಿ ನಿಂತಿಲ್ಲ, ರಾತ್ರಿ ಏಳುವುದೂ ತಪ್ಪಿಲ್ಲ. ನಮ್ಮ ಮಹಿಳಾ ಸಂಘದ ಇಬ್ಬರು ವಾರಕ್ಕೆರಡು ದಿನ ಆ ಮನೆಗೆ ಹೋಗಿ ಕೂರುತ್ತಾರೆ. ಸುಗ್ಗಿಯಲ್ಲಿ ಅದನ್ನು ನಾಲ್ಕು ದಿನ ಮಾಡಬೇಕೆಂದು ಮಾತಾಗಿದೆ. ಮೊದಲು ಬಲಿಪೂಜೆಗೆ ತಾಯಿ ಒಬ್ಬಳೇ ಬರುತ್ತಿದ್ದಳು, ಅದೂ ಅಪರೂಪಕ್ಕೆ. ಈಗ ಮಗಳನ್ನೂ ಕರೆತರುತ್ತಾಳೆ. ಹುಡುಗಿ ನಡುನಡುವೆ ಕೂಗುತ್ತಾಳೆ. ಮೊದಮೊದಲು ಜನ ತಿರುಗಿ ನೋಡುತ್ತಿದ್ದರು, ಈಗ ನೋಡುವುದಿಲ್ಲ.

ಯಾಯೀರನ ಮನೆಯಲ್ಲಿ

ಶುಭಸಂದೇಶಕ್ಕೆ ಮರಳೋಣ. ಧರ್ಮಶಾಸ್ತ್ರದ ಪ್ರಕಾರ ರಕ್ತಸ್ರಾವದ ಆ ಹೆಂಗಸು ಮೈಲಿಗೆಯವಳು. ತನ್ನನ್ನು ಮುಟ್ಟಿದಳೆಂದು ಪ್ರಭು ಸಿಡಿಮಿಡಿಗೊಳ್ಳಲಿಲ್ಲ. ಎಲ್ಲರೆದುರು ಅವಳನ್ನು ಮಗಳೆಂದು ಕರೆದರು. ಅಲ್ಲಿಂದ ಯಾಯೀರನ ಮನೆಗೆ ಹೋಗಿ, ಗದ್ದಲ ಮಾಡುತ್ತಿದ್ದವರನ್ನು ಹೊರಗೆ ಕಳಿಸಿ, ತಂದೆತಾಯಿಯನ್ನು ಒಳಗೆ ಉಳಿಸಿಕೊಂಡು, ಹನ್ನೆರಡು ವರ್ಷದ ಹುಡುಗಿಯ ಕೈ ಹಿಡಿದು ಎಬ್ಬಿಸಿದರು. ಕಡೆಯಲ್ಲಿ ಹೇಳಿದ್ದು ದೊಡ್ಡ ಉಪದೇಶವಲ್ಲ. ಹುಡುಗಿಗೆ ಏನಾದರೂ ತಿನ್ನಲು ಕೊಡುವಂತೆ ಹೇಳಿದರು. ಆಕೆಗೆ ಹಸಿವಾಗಿರಬಹುದೆಂದು ನೆನಪಿಟ್ಟವರು ಅವರೇ.

ಮನೆಯಲ್ಲಿ ಕೂತು ಮಾತಾಡಿರಿ

1. ನಮ್ಮ ಓಣಿಯಲ್ಲಿ ಇಂಥ ಮಗಳಿರುವ ಮನೆ ಯಾವುದು? ಆ ಮನೆಗೆ ನಾವು ಕೊನೆಯ ಸಲ ಹೋದದ್ದು ಯಾವಾಗ?

2. ಆ ತಾಯಿಗೆ ವಾರಕ್ಕೆ ಎರಡು ತಾಸು ಬಿಡುವು ಕೊಡಲು ನಮ್ಮ ಮನೆಯಿಂದ ಯಾರು ಹೋಗಬಹುದು?

3. ನಮ್ಮ ಮನೆಯಲ್ಲಿ ಮುಟ್ಟಿನ ಬಗ್ಗೆ ಆಡುವ ಯಾವ ಮಾತನ್ನು ಇಂದಿನಿಂದ ಬಿಡಬೇಕು?

ಪ್ರಾರ್ಥನೆ: ಪ್ರಭುವೇ, ಮಾತು ಬಾರದ ನಮ್ಮ ಹೆಣ್ಣುಮಕ್ಕಳ ನೋವನ್ನು ಅರಿಯುವ ಮನಸ್ಸನ್ನು ನಮಗೆ ಕೊಡು. ದಣಿದ ತಂದೆತಾಯಂದಿರಿಗೆ ಬಲ ಕೊಡು. ಅವರ ಬಾಗಿಲು ತಟ್ಟುವ ಕಾಲುಗಳನ್ನು ನಮಗೆ ಕೊಡು. ಆಮೆನ್.